ರೊಕ್ಕ ಐತಿ, ಅರ್ಜಿ ಎಲ್ಲೈತಿ?

(ರಾಣೆಬೆನ್ನೂರಿನಲ್ಲಿ ಸೇರಿದ್ದ ಕನ್ನಡದ ಕಾಲೇಜು ತರುಣ-ತರುಣಿಯರ ಮುಂದೆ ಹಾವೇರಿಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ಕನ್ನಡದ ಸಭೆ ಎಂದರೆ ಬಾವುಟ, ಘೋಷಣೆ, ಇಂಗ್ಲಿಷ್ ಬೋರ್ಡಿಗೆ ಮಸಿ ಎಂದುಕೊಂಡು ನೀವು ಬಂದಿರಬಹುದು. ಇವತ್ತು ನಾನು ಆಡುವುದು ರೊಕ್ಕದ ಮಾತು. ಯಾರದೋ ರೊಕ್ಕ ಅಲ್ಲ, ನಿಮ್ಮದೇ ರೊಕ್ಕ. ನಿಮ್ಮಪ್ಪ ಡೀಸೆಲ್ ಹಾಕಿಸುವಾಗ, ನಿಮ್ಮವ್ವ ಸೋಪು ಕೊಳ್ಳುವಾಗ ಕಟ್ಟಿದ ತೆರಿಗೆಯ ರೊಕ್ಕ. ಅದರಲ್ಲಿ ಒಂದು ಪಾಲನ್ನು ಸಂಶೋಧನೆಗೆಂದು ಸರಕಾರ ಪ್ರತಿವರ್ಷ ತೆಗೆದಿಡುತ್ತದೆ. ಅದು ದೆಹಲಿಯಲ್ಲಿ ಹಂಚಿಕೆಯಾಗುತ್ತದೆ, ಬೆಂಗಳೂರಿನಲ್ಲಿ ಹಂಚಿಕೆಯಾಗುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹುಡುಗರ ಕೈಗೆ ಅದರಲ್ಲಿ ಎಷ್ಟು ಬಂತು? ನಿಮ್ಮ ಕಾಲೇಜಿನಲ್ಲಿ ನೀವೇ ಕೇಳಿ ನೋಡಿ. ಕೈಬೆರಳು ಸಾಕಾಗುತ್ತವೆ.

ನಾನು ಪಿಯುಸಿ ಓದಿದವನು. ಪಿಎಚ್.ಡಿ. ಮಾಡಿದವನಲ್ಲ, ಪಿಎಚ್.ಡಿ. ಪ್ರಬಂಧಗಳನ್ನು ಅಚ್ಚು ಹಾಕಿ, ರಟ್ಟು ಕಟ್ಟಿ, ಬಂಗಾರದ ಅಕ್ಷರ ಒತ್ತಿ ಕೊಡುವವನು. ಸಂಶೋಧನೆಯ ಅರ್ಜಿಗಳೂ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಯಾವ ಅರ್ಜಿ ಗೆದ್ದು ಬಂತು, ಯಾವುದು ಬಿದ್ದಿತು ಎಂಬ ಸುದ್ದಿಯೂ ನನಗೆ ಬರುತ್ತದೆ, ಏಕೆಂದರೆ ಗೆದ್ದವರು ಮತ್ತೆ ಬಂದು ವರದಿ ಅಚ್ಚು ಹಾಕಿಸುತ್ತಾರೆ. ಹೀಗೆ ನೋಡಿ ನೋಡಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮನೆ ಮಾರಿದವರ ನಾಡಿದು

ಸಂಶೋಧನೆಗೆ ಯಾರೂ ರೊಕ್ಕ ಕೊಡದ ಕಾಲದಲ್ಲಿ ನಮ್ಮ ಹಿರಿಯರು ಏನು ಮಾಡಿದರು? ಫ.ಗು. ಹಳಕಟ್ಟಿಯವರು ವಚನಗಳ ತಾಳೆಗರಿ ಹುಡುಕಿಕೊಂಡು ಊರೂರು ಅಲೆದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂತು. ಮುಂದೆ ಅಚ್ಚಿನ ಕೆಲಸಕ್ಕಾಗಿ ಇದ್ದ ಮನೆಯನ್ನೇ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ನಮ್ಮ ಹಾವೇರಿ ಸೀಮೆಯ ಗಳಗನಾಥರು ಕಾದಂಬರಿ ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಮನೆಮನೆಗೆ ಹೋಗಿ ಮಾರಿದರು. ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಹೊರಟದ್ದು ಇಂಥವರ ಬೆವರಿನಿಂದ.

ಅವರಿಗೆ ಕೈಮುಗಿಯೋಣ. ಆದರೆ ಕೈಮುಗಿದು ಸುಮ್ಮನಾಗುವುದು ಬೇಡ. ಪ್ರತಿಯೊಬ್ಬ ಕನ್ನಡದ ಸಂಶೋಧಕನೂ ಮನೆ ಮಾರಲೇಬೇಕೆ? ಅವರ ಕಾಲದಲ್ಲಿ ನಮಗೆ ಒಂದು ರಾಜ್ಯವೇ ಇರಲಿಲ್ಲ. 1939ರಲ್ಲಿ ಮುಂಬೈ ಸರಕಾರ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ತೆರೆದದ್ದೇ ಆಗ ದೊಡ್ಡ ಮಾತಾಗಿತ್ತು. ಈಗ ನಮ್ಮದೇ ರಾಜ್ಯವಿದೆ, ನಮ್ಮದೇ ಬಜೆಟ್ಟಿದೆ. ಹಳಕಟ್ಟಿಯವರು ಮಾರಿದ ಮನೆಯ ಋಣ ತೀರಬೇಕಾದರೆ ಅವರ ಹಾದಿ ಹಿಡಿದ ಹುಡುಗ ಇನ್ನೊಮ್ಮೆ ಮನೆ ಮಾರುವಂತಾಗಬಾರದು.

ನಮ್ಮ ಜಿಲ್ಲೆಯಲ್ಲಿ ಏನಿಲ್ಲ?

1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾಯಿತು. ಇವತ್ತು ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯವಾಯಿತು. ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ. ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ದೇವಗಿರಿಯಲ್ಲಿ ಸರಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕಟ್ಟಡಗಳಿಗೆ ಬರವಿಲ್ಲ.

ವಿಷಯಕ್ಕೆ ಬರವಿದೆಯೇ? ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ. ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಓಲಿಯೋರೆಸಿನ್ ತೆಗೆದು ತುಟಿಯ ಬಣ್ಣದ ತನಕ ಬಳಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೆ ನಮ್ಮ ಡಬ್ಬಿ, ಕಡ್ಡಿ ತಳಿಗಳ ಬೀಜವನ್ನು ಮನೆಯಲ್ಲೇ ಕಾಯ್ದಿಡುವ ರೈತರು ಎಷ್ಟು ಜನ ಉಳಿದಿದ್ದಾರೆ? 2024ರ ಮಾರ್ಚ್ 11ರಂದು ದರ ಬಿತ್ತೆಂದು ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಇಟ್ಟರು. ಸುದ್ದಿಯವರು ಬಂದರು, ಬೆಂಕಿಯ ಚಿತ್ರ ತೋರಿಸಿದರು, ಹೋದರು. ದರ ಬೀಳುವ ಹಿಂದಿನ ಲೆಕ್ಕವನ್ನು, ಶೀತಲಗೃಹದ ದಾಸ್ತಾನನ್ನು, ಬಳ್ಳಾರಿ-ರಾಯಚೂರು-ಆಂಧ್ರದಿಂದ ಬರುವ ಮಾಲನ್ನು ಕೂತು ಅಭ್ಯಾಸ ಮಾಡುವವರು ಯಾರು? ಆ ಊರಿನಲ್ಲೇ ಹುಟ್ಟಿ, ಆ ಘಾಟಿನಲ್ಲೇ ಸೀನಿ ಬೆಳೆದ ನೀವಲ್ಲದೆ ಇನ್ನಾರು?

ರಾಣೆಬೆನ್ನೂರು ಬೀಜದ ಊರು. ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ಹೂವು ಹೂವಿಗೂ ಕೈಯಿಂದ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳ ಕೂಲಿ, ಆರೋಗ್ಯ, ಕೌಶಲ ಒಂದು ದೊಡ್ಡ ವಿಷಯ. ಊರ ಪಕ್ಕದಲ್ಲೇ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದೆ. ಹಿಂದೆ ಅಲ್ಲಿ ಎರೆಭೂತ ಹಕ್ಕಿಯೂ ಇತ್ತು. ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುವ ಕುಶಲಕರ್ಮಿಗಳಿದ್ದಾರೆ. ಹೋರಿ ಬೆದರಿಸುವ ಹಬ್ಬವಿದೆ. ಬಾಡದಲ್ಲಿ, ಕಾಗಿನೆಲೆಯಲ್ಲಿ ಕನಕದಾಸರು, ಶಿಶುನಾಳದಲ್ಲಿ ಶರೀಫರು, ಅಬಲೂರಿನಲ್ಲಿ ಸರ್ವಜ್ಞನ ನೆನಪು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೋಟೆಬೆನ್ನೂರಿನ ಮೈಲಾರ ಮಹದೇವರು. 2008ರ ಜೂನ್‌ನಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಹಾವೇರಿಯಲ್ಲಿ ಹಾರಿದ ಗುಂಡು. ಒಂದೊಂದೂ ಒಂದೊಂದು ಪ್ರಬಂಧ.

ನಾವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ. ಎಲ್ಲಿಂದಲೋ ಬಂದು, ದುಭಾಷಿಯನ್ನು ಇಟ್ಟುಕೊಂಡು, ನಮ್ಮವರ ಬಾಯಿಂದ ವಿಷಯ ತೆಗೆದು, ಇಂಗ್ಲಿಷಿನಲ್ಲಿ ವರದಿ ಮಾಡಿ, ಒಂದು ಪ್ರತಿಯನ್ನೂ ಊರಿಗೆ ಕೊಡದೆ ಹೋಗುತ್ತಾರೆ. ಮಾಹಿತಿ ಕೊಟ್ಟ ರೈತನಿಗೆ ಅದರಿಂದ ಏನು ಬಂತು? ಒಂದು ಲೋಟ ಚಹಾದ ಖರ್ಚು!

ಮೊದಲು ತಿಳಿಯಬೇಕಾದದ್ದು: ರೊಕ್ಕ ಎರಡು ನಮೂನೆ

ಒಂದು, ಫೆಲೋಶಿಪ್. ಇದು ನಿಮ್ಮ ಹೆಸರಿಗೆ, ನಿಮ್ಮ ಹೊಟ್ಟೆಪಾಡಿಗೆ ಬರುವ ರೊಕ್ಕ. ಇನ್ನೊಂದು, ಸಂಶೋಧನಾ ಯೋಜನೆಯ ಅನುದಾನ. ಇದು ವಿಶ್ವವಿದ್ಯಾಲಯದ ಅಥವಾ ಕಾಲೇಜಿನ ಖಾತೆಗೆ ಬರುತ್ತದೆ. ಸಾಮಾನ್ಯವಾಗಿ ಅಲ್ಲಿಯ ಅಧ್ಯಾಪಕರೇ ಯೋಜನೆಯ ಮುಖ್ಯಸ್ಥರಾಗಿರಬೇಕು. ಅವರ ಕೈಕೆಳಗೆ ನೀವು ಸಂಶೋಧನಾ ಸಹಾಯಕರಾಗಿ ಸೇರಬಹುದು. ಈ ಭೇದ ತಿಳಿಯದೆ ಎಷ್ಟೋ ಹುಡುಗರು ಅಧ್ಯಾಪಕರಿಗೆ ಮೀಸಲಾದ ಅರ್ಜಿ ತುಂಬಿ ಕಳಿಸಿ, ಉತ್ತರ ಬರಲಿಲ್ಲವೆಂದು ಕಾಯುತ್ತ ಕೂತಿರುತ್ತಾರೆ.

ಫೆಲೋಶಿಪ್‌ಗಳಲ್ಲಿ ದೊಡ್ಡದು ಯುಜಿಸಿಯ ಜೆಆರ್‌ಎಫ್. 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ ಆದರೆ 42,000. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಲೆಕ್ಕದಲ್ಲಿ ನಡೆಯುವ ನೆಟ್ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿ ಬರಬೇಕು. ವಯಸ್ಸು 30 ಮೀರಿರಬಾರದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಹಿಂದುಳಿದ ವರ್ಗದವರಿಗೆ 5 ವರ್ಷದ ರಿಯಾಯಿತಿ ಇದೆ. ‘ಮದುವೆ ಆಯಿತು, ವಯಸ್ಸು ಮೀರಿತು’ ಎಂದು ಕೈಬಿಟ್ಟ ತಂಗಿಯರು ಇದನ್ನು ನೆನಪಿಡಿ.

ಸಮಾಜ ವಿಜ್ಞಾನದವರಿಗೆ 1969ರಲ್ಲಿ ಸ್ಥಾಪನೆಯಾದ ಐಸಿಎಸ್‌ಎಸ್‌ಆರ್ ಇದೆ. ಇತ್ತೀಚಿನ ವರ್ಷಗಳ ಪ್ರಕಟಣೆಗಳಲ್ಲಿ ಅದರ ಡಾಕ್ಟರಲ್ ಫೆಲೋಶಿಪ್ ತಿಂಗಳಿಗೆ 20,000 ರೂಪಾಯಿ. ಕಿರು ಮತ್ತು ದೊಡ್ಡ ಸಂಶೋಧನಾ ಯೋಜನೆಗಳಿಗೂ ಅದು ಅನುದಾನ ಕೊಡುತ್ತದೆ. ಇತಿಹಾಸದವರಿಗೆ ಐಸಿಎಚ್‌ಆರ್ ಇದೆ, ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಬೇರೆ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಒಬ್ಬಳೇ ಮಗಳಾದ ವಿದ್ಯಾರ್ಥಿನಿಯರಿಗೆ ಸಾವಿತ್ರಿಬಾಯಿ ಫುಲೆ ಹೆಸರಿನ ಫೆಲೋಶಿಪ್ ಇದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಯೋಜನೆಗಳನ್ನು ಹಾವೇರಿಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ವಿಜ್ಞಾನ, ಎಂಜಿನಿಯರಿಂಗ್ ಓದುವವರು ಕೆಎಸ್‌ಸಿಎಸ್‌ಟಿ ಎಂಬ ಹೆಸರನ್ನು ಬರೆದುಕೊಳ್ಳಿ. ಅದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ 1977ರಿಂದ ರೊಕ್ಕ ಕೊಡುತ್ತ ಬಂದಿದೆ. ಮೊತ್ತ ಸಣ್ಣದು, ಆದರೆ ಮೊದಲ ಮೆಟ್ಟಿಲು ಅದೇ. ಮೆಣಸಿನಕಾಯಿ ಒಣಗಿಸುವ ಯಂತ್ರವನ್ನು ದೇವಗಿರಿಯ ಹುಡುಗ ಮಾಡದೆ ಮತ್ತಾರು ಮಾಡಬೇಕು? ಅಧ್ಯಾಪಕರಿಗೆ ಈಗ ದೊಡ್ಡ ಬಾಗಿಲು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. 2023ರ ಕಾಯ್ದೆಯಿಂದ ಬಂದದ್ದು, ಹಿಂದಿನ ಎಸ್‌ಇಆರ್‌ಬಿಯ ಜಾಗದಲ್ಲಿ ಕೂತಿದೆ.

ಇನ್ನೊಂದು ಗುಟ್ಟು. ನಿಮ್ಮ ಕಾಲೇಜಿಗೆ ಯುಜಿಸಿಯ 2(ಎಫ್) ಮತ್ತು 12(ಬಿ) ಮಾನ್ಯತೆ ಇದೆಯೇ ಎಂದು ಕೇಳಿ. 12(ಬಿ) ಇಲ್ಲದ ಸಂಸ್ಥೆಗೆ ಯುಜಿಸಿಯ ಅನುದಾನ ಬರುವುದಿಲ್ಲ. ಪ್ರವೇಶಕ್ಕೆ ಮೊದಲು ಹಾಸ್ಟೆಲ್ ಇದೆಯೇ ಎಂದು ಕೇಳುತ್ತೀರಿ. ಇದನ್ನೂ ಕೇಳುವುದು ಕಲಿಯಿರಿ.

ಅರ್ಜಿ ಬರೆಯುವುದು ಹೇಗೆ?

ನನ್ನ ಮೇಜಿಗೆ ಬರುವ ಅರ್ಜಿಗಳಲ್ಲಿ ಹತ್ತಕ್ಕೆ ಎಂಟರ ತಲೆಬರಹ ಹೀಗಿರುತ್ತದೆ: ‘ಬ್ಯಾಡಗಿ ಮೆಣಸಿನಕಾಯಿ: ಒಂದು ಅಧ್ಯಯನ’. ಇದು ವಿಷಯವಲ್ಲ, ಸಂತೆ! ಓದುವ ತಜ್ಞ ಕೇಳುವುದು ಒಂದೇ ಮಾತು: ನಿನಗೆ ಗೊತ್ತಾಗಬೇಕಾದದ್ದು ಏನು? ಅದನ್ನು ಹೀಗೆ ಬರೆಯಿರಿ: ‘ಬ್ಯಾಡಗಿ ತಾಲೂಕಿನ ಎರಡು ಹೋಬಳಿಗಳಲ್ಲಿ ಡಬ್ಬಿ ಮತ್ತು ಕಡ್ಡಿ ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳುವ ಕುಟುಂಬಗಳು ಕಡಿಮೆಯಾದದ್ದು ಏಕೆ?’ ಈಗ ಜಾಗ ಗೊತ್ತಾಯಿತು, ಜನ ಗೊತ್ತಾದರು, ಪ್ರಶ್ನೆ ಗೊತ್ತಾಯಿತು.

ಎರಡನೆಯದು, ಹಿಂದೆ ಯಾರು ಏನು ಮಾಡಿದ್ದಾರೆ ಎಂಬುದು. ಧಾರವಾಡಕ್ಕೆ ಹೋಗಿ, ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಎರಡು ದಿನ ಕೂಡಿ. ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಪುಕ್ಕಟೆ ಓದಬಹುದು. ‘ಈ ವಿಷಯದಲ್ಲಿ ಯಾರೂ ಕೆಲಸ ಮಾಡಿಲ್ಲ’ ಎಂದು ಬರೆದರೆ ತಜ್ಞ ನಕ್ಕು ಪಕ್ಕಕ್ಕಿಡುತ್ತಾನೆ. ‘ಇಷ್ಟು ಕೆಲಸವಾಗಿದೆ, ಇಲ್ಲಿಗೆ ನಿಂತಿದೆ, ನಾನು ಇಲ್ಲಿಂದ ಹೊರಡುತ್ತೇನೆ’ ಎಂದರೆ ಮುಂದೆ ಓದುತ್ತಾನೆ.

ಮೂರನೆಯದು ವಿಧಾನ. ‘ಕ್ಷೇತ್ರಕಾರ್ಯ ಮಾಡಲಾಗುವುದು’ ಎಂದರೆ ಸಾಲದು. ಎಷ್ಟು ಹಳ್ಳಿ, ಎಷ್ಟು ಮನೆ, ಯಾರನ್ನು ಹೇಗೆ ಆರಿಸುತ್ತೀರಿ, ಏನು ಕೇಳುತ್ತೀರಿ, ಬಂದ ಉತ್ತರವನ್ನು ಏನು ಮಾಡುತ್ತೀರಿ? ಮಾತಾಡಿಸುವ ಜನರ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಓದಲು ಬಾರದವರಿಗೆ ಓದಿ ಹೇಳಿ. ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸಾಹುಕಾರನ ಕೆಲಸ, ಸಂಶೋಧಕನ ಕೆಲಸವಲ್ಲ.

ನಾಲ್ಕನೆಯದು ಬಜೆಟ್. ಹೆಚ್ಚಿನ ಅರ್ಜಿ ಸಾಯುವುದು ಇಲ್ಲೇ. ಪ್ರೆಸ್ಸಿನವನ ಕಡೆಯಿಂದ ಒಂದು ಪಾಠ ಕಲಿಯಿರಿ. ಪುಸ್ತಕ ಅಚ್ಚು ಹಾಕಲು ಎಷ್ಟಾಗುತ್ತದೆ ಎಂದು ಕೇಳಿದರೆ ನಾವು ಬಾಯಿಗೆ ಬಂದಷ್ಟು ಹೇಳುವುದಿಲ್ಲ. ಎಷ್ಟು ಪುಟ, ಹಾಗಾದರೆ ಎಷ್ಟು ಫಾರಂ, ಎಷ್ಟು ರೀಮು ಕಾಗದ, ಎಷ್ಟು ಪ್ಲೇಟು, ಬೈಂಡಿಂಗ್ ಎಷ್ಟು ಎಂದು ಕೂಡಿಸಿ ಹೇಳುತ್ತೇವೆ. ನೀವೂ ಹಾಗೇ ಮಾಡಿ. ‘ಪ್ರಯಾಣ ವೆಚ್ಚ: 50,000’ ಎಂದು ಗುಂಡಾಗಿ ಬರೆಯಬೇಡಿ. 20 ಹಳ್ಳಿ, ಒಂದೊಂದಕ್ಕೆ 3 ಸಲ, ಒಟ್ಟು 60 ಪ್ರಯಾಣ. ಒಂದಕ್ಕೆ ಬಸ್ಸು, ಊಟ ಸೇರಿ 250 ರೂಪಾಯಿ ಎಂದರೆ 15,000. ಹೀಗೆ ಬಿಡಿಸಿ ಬರೆದ ಲೆಕ್ಕವನ್ನು ಕತ್ತರಿಸಲು ದೆಹಲಿಯ ಬಾಬುವಿಗೂ ಕೈ ಬರುವುದಿಲ್ಲ. ಯಾವ ಬಾಬ್ತಿಗೆ ಎಷ್ಟು ಶೇಕಡಾ ಮೀರಬಾರದು ಎಂದು ಪ್ರಕಟಣೆಯಲ್ಲೇ ಇರುತ್ತದೆ. ಅದನ್ನು ಮೊದಲು ಓದಿ, ಆಮೇಲೆ ಲೆಕ್ಕ ಹಾಕಿ.

ಐದನೆಯದು ಕಾಲ. ಮೊದಲ ಮೂರು ತಿಂಗಳು ಏನು, ಮುಂದಿನ ಆರು ತಿಂಗಳು ಏನು, ಕೊನೆಗೆ ಏನು ಕೈಗೆ ಕೊಡುತ್ತೀರಿ? ಬಿತ್ತುವ ಕಾಲದಲ್ಲಿ ರೈತನನ್ನು ಮಾತಾಡಿಸಲು ಹೊರಟವನಿಗೆ ಹೊಲದಲ್ಲಿ ಬೈಗುಳ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ಬ್ಯಾಡಗಿ ಮಾರುಕಟ್ಟೆ ಯಾವ ತಿಂಗಳಲ್ಲಿ ತುಂಬುತ್ತದೆ ಎಂಬುದು ನಿಮಗೆ ಗೊತ್ತು. ದೂರದವರಿಗೆ ಗೊತ್ತಿಲ್ಲ. ಅದೇ ನಿಮ್ಮ ಬಂಡವಾಳ, ಅರ್ಜಿಯಲ್ಲಿ ಕಾಣಲಿ.

ಆರನೆಯದು ಕಾಗದಪತ್ರ. ವಿಭಾಗದ ಮುಖ್ಯಸ್ಥರ ಸಹಿ, ಕುಲಸಚಿವರ ಸಹಿ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ವಿವರ. ಸಾಹೇಬರು ಸಭೆಗೆ ಹೋಗಿರುತ್ತಾರೆ, ಗುಮಾಸ್ತರು ರಜೆಯಲ್ಲಿರುತ್ತಾರೆ. ಕೊನೆಯ ದಿನಕ್ಕೆ 15 ದಿನ ಮೊದಲೇ ಸಹಿ ಮುಗಿದಿರಬೇಕು. ಕಳಿಸಿದ ಪ್ರತಿ ಅರ್ಜಿಯ ಒಂದು ನಕಲು ನಿಮ್ಮ ಬಳಿ ಇರಲಿ. ಈ ವರ್ಷ ಬಿದ್ದದ್ದು ತಿದ್ದುಪಡಿಯಾಗಿ ಮುಂದಿನ ವರ್ಷ ಎದ್ದು ನಿಂತದ್ದನ್ನು ನಾನು ಕಂಡಿದ್ದೇನೆ.

ರೊಕ್ಕ ಬಂದ ಮೇಲೆ ಕೆಲಸ ಮುಗಿಯಲಿಲ್ಲ. ಅದು ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಎರಡನೆಯ ಕಂತು ಬರುವುದಿಲ್ಲ. ಕೇಂದ್ರದ ಅನುದಾನಕ್ಕೆ ಜಿಎಫ್‌ಆರ್ 12-ಎ ಎಂಬ ನಮೂನೆ ಇದೆ. ಪ್ರತಿ ಬಿಲ್ಲನ್ನೂ ಅವತ್ತೇ ಕಡತಕ್ಕೆ ಹಾಕಿ.

ಕಡೆಯದು, ದಲ್ಲಾಳಿಗಳು. ‘ಇಷ್ಟು ಕೊಡು, ಅರ್ಜಿ ಬರೆದುಕೊಡುತ್ತೇನೆ, ಪ್ರಬಂಧವೇ ಬರೆದುಕೊಡುತ್ತೇನೆ’ ಎನ್ನುವವರಿದ್ದಾರೆ. ಬೇರೆಯವರ ಪ್ರಬಂಧದ ಮೇಲಿನ ಹೆಸರು ಬದಲಿಸಿ ಅಚ್ಚು ಹಾಕಿಕೊಡಿ ಎಂದು ನನ್ನಲ್ಲಿಗೂ ಬಂದವರಿದ್ದಾರೆ. ಬಾಗಿಲು ತೋರಿಸಿದ್ದೇನೆ. ಕದ್ದ ಪದವಿಯಿಂದ ನೌಕರಿ ಸಿಗಬಹುದು, ಕನ್ನಡಕ್ಕೆ ಏನೂ ಸಿಗುವುದಿಲ್ಲ.

ಇಲ್ಲಿದೆ ನೋಡಿ ಅನ್ಯಾಯ

ಇಷ್ಟೆಲ್ಲ ಕಲಿತರೂ ನಮ್ಮ ಹುಡುಗರು ಹಿಂದೆ ಬೀಳುತ್ತಾರೆ. ಏಕೆ? ಬುದ್ಧಿ ಕಡಿಮೆಯೇ? ಇಲ್ಲ! ಓಟ ಶುರುವಾಗುವ ಗೆರೆಯೇ ನಮಗೆ ಹಿಂದೆ ಇದೆ.

ನೆಟ್ ಪರೀಕ್ಷೆ ಒಟ್ಟು 300 ಅಂಕದ್ದು. ಅದರಲ್ಲಿ 100 ಅಂಕದ ಮೊದಲ ಪತ್ರಿಕೆ ಎಲ್ಲರಿಗೂ ಕಡ್ಡಾಯ. ಅದು ಬರುವುದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ ಮಾತ್ರ. ಬ್ಯಾಡಗಿಯ ಹುಡುಗಿ ಕನ್ನಡ ಎಂ.ಎ. ಓದಿ, ಕನ್ನಡ ಸಾಹಿತ್ಯದಲ್ಲೇ ಸಂಶೋಧನೆ ಮಾಡಲು ಹೊರಟರೂ 100 ಅಂಕಕ್ಕೆ ಪರಭಾಷೆಯಲ್ಲೇ ಓದಿ ಉತ್ತರಿಸಬೇಕು. ಪಟ್ನಾದ ಹುಡುಗ ಅದೇ ಪ್ರಶ್ನೆಯನ್ನು ತನ್ನ ಭಾಷೆಯಲ್ಲಿ ಓದುತ್ತಾನೆ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಅವನಿಗೆ ಸಿಕ್ಕಿದ್ದು ನಮಗೆ ಏಕಿಲ್ಲ? ಕೆಸೆಟ್ ಪರೀಕ್ಷೆಯನ್ನು ನಮ್ಮ ರಾಜ್ಯ ಕನ್ನಡ-ಇಂಗ್ಲಿಷ್ ಎರಡರಲ್ಲೂ ನಡೆಸುತ್ತದೆ. ಅಂದಮೇಲೆ ಕನ್ನಡದಲ್ಲಿ ಪ್ರಶ್ನೆ ಕೇಳಲು ಆಗುವುದಿಲ್ಲ ಎಂಬ ಮಾತು ಸುಳ್ಳು. ಆದರೆ ಕೆಸೆಟ್ ಪಾಸಾದರೆ ಅಧ್ಯಾಪಕ ಹುದ್ದೆಯ ಅರ್ಹತೆ ಸಿಗುತ್ತದೆ, ತಿಂಗಳ 37,000 ಸಿಗುವುದಿಲ್ಲ. ರೊಕ್ಕದ ಬೀಗದ ಕೈ ದೆಹಲಿಯಲ್ಲೇ ಇದೆ.

ಶಾಸ್ತ್ರೀಯ ಭಾಷೆಯ ಕಥೆ ಕೇಳಿ. ತಮಿಳಿಗೆ 2004ರಲ್ಲಿ, ಸಂಸ್ಕೃತಕ್ಕೆ 2005ರಲ್ಲಿ ಸ್ಥಾನ ಸಿಕ್ಕಿತು. ನಾವು ಬೀದಿಗಿಳಿದ ಮೇಲೆ 2008ರಲ್ಲಿ ಕನ್ನಡಕ್ಕೆ ಸಿಕ್ಕಿತು. ಪಟಾಕಿ ಹೊಡೆದೆವು. ಆಮೇಲೆ? 2017ರಿಂದ 2020ರ ವರೆಗಿನ ಮೂರು ವರ್ಷಗಳಲ್ಲಿ ಕೇಂದ್ರ ಸರಕಾರ ಸಂಸ್ಕೃತಕ್ಕೆ ಖರ್ಚು ಮಾಡಿದ್ದು 643.84 ಕೋಟಿ ರೂಪಾಯಿ. ಇದು ಸಂಸತ್ತಿನಲ್ಲಿ ಸರಕಾರವೇ ಕೊಟ್ಟ ಲೆಕ್ಕ. ತಮಿಳಿಗೆ ಸುಮಾರು 23 ಕೋಟಿ. ಕನ್ನಡಕ್ಕೆ? ಮೂರೂ ವರ್ಷ ಸೇರಿ ಸುಮಾರು 3 ಕೋಟಿ! ಇದಕ್ಕೆ ಮಲತಾಯಿ ಧೋರಣೆ ಎನ್ನದೆ ಬೇರೆ ಹೆಸರಿದೆಯೇ?

ದೆಹಲಿಯನ್ನು ಬೈದು ಬೆಂಗಳೂರನ್ನು ಬಿಟ್ಟರೆ ಅದು ನ್ಯಾಯವಲ್ಲ. 1991ರಲ್ಲಿ ಹಂಪಿಯಲ್ಲಿ ಕನ್ನಡಕ್ಕೆಂದೇ ವಿಶ್ವವಿದ್ಯಾಲಯ ಕಟ್ಟಿದರು. ಕನ್ನಡದಲ್ಲೇ ಪಿಎಚ್.ಡಿ. ಬರೆಯುವ ಹೆಮ್ಮೆಯ ಜಾಗ. ಅಲ್ಲಿಯ ದಲಿತ ವಿದ್ಯಾರ್ಥಿಗಳು ತಮ್ಮ ಫೆಲೋಶಿಪ್ ಬಾಕಿಗಾಗಿ ಧರಣಿ ಕೂರಬೇಕಾಯಿತು. ಅನುದಾನ ಕೊಡಿ ಎಂದು ವಿಶ್ವವಿದ್ಯಾಲಯವೇ ಸರಕಾರದ ಮುಂದೆ ಕೈಚಾಚಿ ನಿಲ್ಲಬೇಕಾಯಿತು. ನಮ್ಮ ಹಾವೇರಿ ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಸಂಪುಟದ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು. ಆ ಪಟ್ಟಿಯಲ್ಲಿ ಹಾವೇರಿಯ ಹೆಸರೂ ಇತ್ತು. ಕೂಸು ಹುಟ್ಟಿದ ಕೂಡಲೇ ಹಾಲು ನಿಲ್ಲಿಸಿ, ಕೂಸು ಬೆಳೆಯಲಿಲ್ಲ ಎಂದು ದೂರುವುದು ಯಾವ ನ್ಯಾಯ?

ನಮ್ಮ ಕಾಲೇಜುಗಳೂ ಕಡಿಮೆಯಿಲ್ಲ. ಒಂದು ಕಾಲೇಜಿನಲ್ಲಿ, ಯಾವುದೆಂದು ಹೇಳುವುದಿಲ್ಲ, ಫೆಲೋಶಿಪ್‌ನ ಪ್ರಕಟಣೆ ಫಲಕಕ್ಕೆ ಹತ್ತುವಾಗ ಕೊನೆಯ ದಿನಾಂಕ ಕಳೆದು ಐದು ದಿನವಾಗಿತ್ತು. ಅದೂ ಇಂಗ್ಲಿಷಿನಲ್ಲಿ. ಅದನ್ನು ಹಿಡಿದು ನನ್ನ ಅಂಗಡಿಗೆ ಬಂದ ಹುಡುಗಿಯ ಮುಖ ನೋಡಿದ್ದರೆ ನಿಮಗೆ ತಿಳಿಯುತ್ತಿತ್ತು, ಮೂರು ಸಾಲಿನ ಒಂದು ಕಾಗದ ಒಂದು ವರ್ಷವನ್ನು ಹೇಗೆ ನುಂಗುತ್ತದೆ ಎಂಬುದು.

ಕನ್ನಡದಲ್ಲಿ ಅರ್ಜಿ ಆಗುತ್ತದೆ

‘ಕನ್ನಡದಲ್ಲಿ ಅರ್ಜಿ ತೆಗೆದುಕೊಂಡರೆ ತಜ್ಞರು ಓದುವುದು ಹೇಗೆ’ ಎಂದು ಕೇಳುವವರಿಗೆ ಒಂದು ಉತ್ತರವಿದೆ. ಬೆಂಗಳೂರಿನಲ್ಲಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಸಂಸ್ಥೆ ಇದೆ, 1993ರಲ್ಲಿ ಶುರುವಾದದ್ದು. ಕಲೆ, ಸಂಸ್ಕೃತಿಯ ಸಂಶೋಧನೆಗೆ ಅನುದಾನ ಕೊಡುತ್ತದೆ. ಭಾರತದ ಯಾವ ಭಾಷೆಯಲ್ಲಾದರೂ ಅರ್ಜಿ ಬರೆಯಿರಿ ಎನ್ನುತ್ತದೆ. ಸರಕಾರಿ ಕೃಪೆಯಿಲ್ಲದ ಒಂದು ಸಂಸ್ಥೆಗೆ ಸಾಧ್ಯವಾದದ್ದು ಇಡೀ ಭಾರತ ಸರಕಾರಕ್ಕೆ ಏಕೆ ಸಾಧ್ಯವಿಲ್ಲ? ಹೋರಿ ಹಬ್ಬ, ಲಾವಣಿ, ಡೊಳ್ಳು, ಏಲಕ್ಕಿ ಹಾರದ ಮೇಲೆ ಕೆಲಸ ಮಾಡುವವರು ಈ ಬಾಗಿಲು ತಟ್ಟಿ. ನ್ಯೂ ಇಂಡಿಯಾ ಫೌಂಡೇಶನ್ ಎಂಬ ಇನ್ನೊಂದು ಸಂಸ್ಥೆ ಭಾರತೀಯ ಭಾಷೆಗಳಿಂದ ಅನುವಾದ ಮಾಡುವವರಿಗೆ ಫೆಲೋಶಿಪ್ ಕೊಡುತ್ತದೆ, ಪಟ್ಟಿಯಲ್ಲಿ ಕನ್ನಡವೂ ಇದೆ. ಮೊದಲ ಪುಸ್ತಕ ಬರೆಯುವ ತರುಣರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ.

ಹಾಗೆಂದು ಇಂಗ್ಲಿಷ್ ಬೇಡವೆನ್ನುವ ಹುಚ್ಚು ಮಾತು ನಾನು ಆಡುವುದಿಲ್ಲ. ಇವತ್ತಿನ ನೆಟ್, ಇವತ್ತಿನ ಅರ್ಜಿ ಇಂಗ್ಲಿಷಿನಲ್ಲಿದೆ. ಕಲಿಯಿರಿ, ಬರೆಯಿರಿ, ಗೆಲ್ಲಿರಿ. ಆದರೆ ಮೊದಲು ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿ ಎರಡು ಪುಟ ಬರೆದುಕೊಳ್ಳಿ. ಕನ್ನಡದಲ್ಲಿ ಸ್ಪಷ್ಟವಾಗದ ಪ್ರಶ್ನೆ ಇಂಗ್ಲಿಷಿನಲ್ಲೂ ಸ್ಪಷ್ಟವಾಗುವುದಿಲ್ಲ. ಇಂಗ್ಲಿಷ್ ನಮಗೆ ಏಣಿ. ಏಣಿಗೆ ಯಾರೂ ಪೂಜೆ ಮಾಡುವುದಿಲ್ಲ, ಹತ್ತಿ ಮೇಲೆ ಹೋಗುತ್ತಾರೆ.

ನಮ್ಮ ಹಕ್ಕೊತ್ತಾಯ

ಒಂದು: ನೆಟ್ ಮೊದಲ ಪತ್ರಿಕೆ ಕನ್ನಡದಲ್ಲೂ ಬರಬೇಕು. ನಮ್ಮ ಸಂಸದರು ದೆಹಲಿಯಲ್ಲಿ ಇದನ್ನು ಕೇಳಬೇಕು.

ಎರಡು: ನಮ್ಮ ರಾಜ್ಯದ ಪ್ರತಿಯೊಂದು ವಿಶ್ವವಿದ್ಯಾಲಯ ಎಲ್ಲ ಅನುದಾನ, ಫೆಲೋಶಿಪ್‌ಗಳ ಪ್ರಕಟಣೆಯನ್ನು ಬಂದ ವಾರದೊಳಗೆ ಕನ್ನಡದಲ್ಲಿ ಹಾಕಬೇಕು.

ಮೂರು: ರಾಜ್ಯ ಸರಕಾರ ಕೊಡುವ ಯಾವುದೇ ಸಂಶೋಧನಾ ಅನುದಾನಕ್ಕೆ ಕನ್ನಡದಲ್ಲಿ ಅರ್ಜಿ ಹಾಕುವ ಹಕ್ಕಿರಬೇಕು.

ನಾಲ್ಕು: ನಮ್ಮ ನೆಲದ ಮೇಲೆ ನಡೆದ ಪ್ರತಿ ಸಂಶೋಧನೆಯ 20 ಪುಟದ ಕನ್ನಡ ಸಾರಾಂಶ ಆ ಊರಿನ ಗ್ರಂಥಾಲಯಕ್ಕೆ ಬರಬೇಕು. ಮೆಣಸಿನಕಾಯಿ ಬೆಳೆದವನಿಗೆ ಮೆಣಸಿನಕಾಯಿಯ ಸಂಶೋಧನೆ ಓದಲು ಸಿಗಬೇಕು.

ಐದು: ಫೆಲೋಶಿಪ್ ತಿಂಗಳು ತಿಂಗಳು ಕೈಸೇರಬೇಕು. ಹಾವೇರಿ ಮತ್ತು ಜಾನಪದ ವಿಶ್ವವಿದ್ಯಾಲಯಗಳಿಗೆ ಕಟ್ಟಡದ ರೊಕ್ಕದ ಜೊತೆ ಸಂಶೋಧನೆಯ ರೊಕ್ಕವೂ ಬೇಕು.

1982ರಲ್ಲಿ ಕನ್ನಡಿಗರು ಬೀದಿಗಿಳಿದದ್ದು ಗೋಕಾಕ್ ವರದಿಗಾಗಿ. ಆ ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ನಮ್ಮ ಸವಣೂರಿನಲ್ಲಿ. ಅವತ್ತು ಶಾಲೆಯಲ್ಲಿ ಕನ್ನಡ ಬೇಕು ಎಂದೆವು. ಶಾಲೆಯ ಮೇಲೆ ಕಾಲೇಜಿದೆ, ಕಾಲೇಜಿನ ಮೇಲೆ ಸಂಶೋಧನೆಯಿದೆ. ಹೊಸ ತಿಳಿವು ಹುಟ್ಟುವ ಆ ಅಟ್ಟದ ಮೇಲೆ ಕನ್ನಡ ಇಲ್ಲವಾದರೆ ಕೆಳಗಿನ ಶಾಲೆಯಲ್ಲಿ ಕಲಿಸಲು ಉಳಿಯುವುದು ಬರೀ ಅನುವಾದ.

ನಮ್ಮ ಸಂಘಟನೆಗಳಿಗೂ ಒಂದು ಮಾತು. ಬೋರ್ಡಿಗೆ ಮಸಿ ಬಳಿಯುವುದು ಒಂದು ದಿನದ ಕೆಲಸ. ಒಂದು ಒಳ್ಳೆಯ ಅರ್ಜಿ ಬರೆಯುವುದು ಮೂರು ತಿಂಗಳ ಕೆಲಸ. ಪ್ರತಿ ಊರಿನ ಘಟಕ ಒಂದು ಫಲಕ ಹಾಕಲಿ. ಯಾವ ಫೆಲೋಶಿಪ್, ಯಾವ ದಿನಾಂಕ, ಯಾವ ಕಾಗದ ಎಂದು ಕನ್ನಡದಲ್ಲಿ ಬರೆಯಲಿ. ಫೆಲೋಶಿಪ್ ಪಡೆದ ಒಬ್ಬ ಅಣ್ಣ, ಒಬ್ಬ ಅಕ್ಕ ತಿಂಗಳಿಗೊಂದು ಭಾನುವಾರ ಕೂತು ಕಿರಿಯರ ಅರ್ಜಿ ತಿದ್ದಲಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಮೂರೂ ಊರಿನಲ್ಲಿ ಇದು ಶುರುವಾಗಲಿ. ಫಲಕಕ್ಕೆ ಹಚ್ಚುವ ಹಾಳೆಗಳನ್ನು ಪುಕ್ಕಟೆ ಅಚ್ಚು ಹಾಕಿ ಕೊಡುವುದು ನನ್ನ ಪಾಲು.

ಬರುವ ನೆಟ್ ಪರೀಕ್ಷೆಗೆ ಈ ಸಭೆಯಿಂದ ಎಷ್ಟು ಜನ ಕೂರುತ್ತೀರಿ? ಕೈ ಎತ್ತಿದವರು ಹೆಸರು ಬರೆಸಿ ಹೋಗಿ.

ಸಿರಿಗನ್ನಡಂ ಗೆಲ್ಗೆ!